ಭಾವನ ಕಾಯಿಲೆ, ಭಾವಮೈದನ ಹೆಸರು

ಬಸ್ ನಿಲ್ದಾಣದ ಎದುರಿನ ಹಳೇ ಕಟ್ಟಡದಲ್ಲಿ, ಮೇಲಕ್ಕೆ ಹೋಗುವ ಮೆಟ್ಟಿಲಿನ ಹೊಟ್ಟೆಯೊಳಗೆ ಒಂದು ಗೂಡಿತ್ತು. ಅಲ್ಲಿ ಒಬ್ಬರು ನಿಂತರೆ ತಲೆ ತಾಗುತ್ತಿತ್ತು, ಇಬ್ಬರು ನಿಂತರೆ ನೋಡಿದವರು ಸಂಬಂಧ ಕಟ್ಟುತ್ತಿದ್ದರು. ಅದೇ ಜಿಪ್ಪಕ್ಕನ ಅಂಗಡಿ. ಕೆಟ್ಟ ಜಿಪ್ಪು ಸರಿಮಾಡುವುದು ಅವಳ ಕಸುಬು. ಚೀಲದ್ದು, ಕೋಟಿನದ್ದು, ಬೂಟಿನದ್ದು, ಕೊನೆಗೆ ಪ್ಯಾಂಟಿನದ್ದು. ಪ್ಯಾಂಟಿನವರು ಮಾತ್ರ ಗೋಡೆಗೆ ಬೆನ್ನು ಕೊಟ್ಟು, ದಿನಪತ್ರಿಕೆ ಅಡ್ಡ ಹಿಡಿದು, ದೇಶದ ಬಗ್ಗೆ ಬಹಳ ಚಿಂತೆ ಇರುವವರ ಹಾಗೆ ನಿಲ್ಲುತ್ತಿದ್ದರು. ಊರಿನ ಅರ್ಧ ಜನರ ಮಾನ ಅವಳ ಇಕ್ಕಳದ ತುದಿಯಲ್ಲಿತ್ತು ಅಂದರೆ ಸುಳ್ಳಲ್ಲ. ಉಳಿದರ್ಧ ಜನ ಗುಂಡಿ ಹಾಕಿಕೊಳ್ಳುವವರು.

ಅವಳು ಒಮ್ಮೆ ಜಿಪ್ಪಿನ ಹಲ್ಲಿನ ಮೇಲೆ ಓಡುವ ಹೊಸ ರನ್ನರ್ ಕೂರಿಸಿಕೊಟ್ಟಳೆಂದರೆ, ಚೀಲ ಹರಿದು ಚಿಂದಿಯಾಗಿ ಗಾಳಿಗೆ ಹಾರಿಹೋದ ಮೇಲೂ ಜಿಪ್ಪು ಮಾತ್ರ ರಸ್ತೆಯ ಮೇಲೆ ಬಾಯಿ ತೆರೆಯುತ್ತ ಮುಚ್ಚುತ್ತ ಬಿದ್ದಿರುತ್ತಿತ್ತಂತೆ. ಇದನ್ನು ಕಣ್ಣಾರೆ ಕಂಡವರು ಇಬ್ಬರಿದ್ದಾರೆ. ಇಬ್ಬರಿಗೂ ಅವಳು ದುಡ್ಡು ತಗೊಳ್ಳದೆ ಕೆಲಸ ಮಾಡಿಕೊಡುತ್ತಿದ್ದಳು ಅನ್ನುವುದು ಬೇರೆ ಮಾತು.

ಅವಳ ಗಂಡ ಎರಡು ಬೀದಿ ಆಚೆಯ ಬ್ಯಾಂಕಿನಲ್ಲಿ ಗಾರ್ಡು. ಸ್ವಂತ ಬಂದೂಕು, ಸ್ವಂತ ಲೈಸೆನ್ಸು, ಸ್ವಂತ ಮೀಸೆ. ಮೀಸೆ ಅವನಿಗಿಂತ ಮುಂಚೆ ಬ್ಯಾಂಕಿನ ಒಳಗೆ ಹೋಗಿ ಕೂತಿರುತ್ತಿತ್ತು. ಇಷ್ಟು ವರ್ಷದಲ್ಲಿ ಆ ಬಂದೂಕಿನ ಸದ್ದು ಕೇಳಿದವರಿಲ್ಲ. ಅವನು ಬಾಗಿಲಲ್ಲಿ ನಿಂತಿರುವಾಗ ಗುಬ್ಬಚ್ಚಿಗಳು ನಳಿಗೆಯ ಮೇಲೆ ಕೂತು, ಮನೆಕಡೆಯ ವಿಚಾರವೆಲ್ಲ ಮಾತಾಡಿಕೊಂಡು, ಸಾವಕಾಶವಾಗಿ ಎದ್ದು ಹೋಗುತ್ತಿದ್ದವು.

ಹೊರಗಿನವರು ಕಾಣುತ್ತಿದ್ದದ್ದು ಇಷ್ಟು. ಕಾಣದೇ ಇದ್ದದ್ದು ಬೆಳಗಿನ ಹೊತ್ತು ಆ ಮನೆಯಲ್ಲಿ ನಡೆಯುತ್ತಿದ್ದ ತಪಾಸಣೆ. ಗಾರ್ಡು ಕನ್ನಡಿ ಮುಂದೆ ಗಡ್ಡ ಹೆರೆದುಕೊಳ್ಳುವಾಗ ಜಿಪ್ಪಕ್ಕ ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತಿರುತ್ತಿದ್ದಳು, ಆದರೆ ಕಿವಿ ಎರಡೂ ಹಿಂದಕ್ಕೆ ತಿರುಗಿರುತ್ತಿದ್ದವು. ಗುನುಗುತ್ತಿದ್ದಾನಾ? ರಾಗ ಕೆಟ್ಟರೆ ಚಿಂತೆಯಿಲ್ಲ, ಅದು ಹುಟ್ಟಾ ಕೆಟ್ಟದ್ದೇ, ನಿಂತರೆ ಕಷ್ಟ. ಆಮೇಲೆ ಟೀ ಕೊಡುತ್ತ ಒಂದು ಹಾಸ್ಯ ಬಿಡುತ್ತಿದ್ದಳು. ನಗು ಮೀಸೆಯ ತುದಿಯವರೆಗೆ ಹೋಯಿತೋ ಪಾಸು. ತುಟಿಯಲ್ಲೇ ನಿಂತಿತೋ, ಆ ದಿನ ಜಿಪ್ಪಕ್ಕನಿಗೆ ಇದ್ದಕ್ಕಿದ್ದ ಹಾಗೆ ಹೊಟ್ಟೆನೋವು. "ರೀ, ಇವತ್ತೊಂದಿನ ರಜ ಹಾಕ್ರಿ, ಎದ್ದು ನಿಲ್ಲೋಕಾಗ್ತಿಲ್ಲ." ಅವಳಿಗೆ ಬಂದಷ್ಟು ಬಗೆಯ ಹೊಟ್ಟೆನೋವು ಲೋಕದ ಯಾವ ವೈದ್ಯಶಾಸ್ತ್ರದಲ್ಲೂ ಇಲ್ಲ. ಸರ್ಕಾರಕ್ಕೆ ಲೈಸೆನ್ಸ್ ಕೊಡಲು ಒಂದು ಕಚೇರಿಯಿತ್ತು. ದಿನಾ ಬೆಳಿಗ್ಗೆ ಅದನ್ನು ನವೀಕರಿಸುತ್ತಿದ್ದದ್ದು ಇವಳು.

ಇಂಥ ಒಂದು ದಿನ, ಗಾರ್ಡು ಪಾಸಾಗಿ ಕೆಲಸಕ್ಕೆ ಹೋದ ಮೇಲೆ, ಮಧ್ಯಾಹ್ನ ಅಂಗಡಿಗೆ ಅವಳ ತಮ್ಮ ಬಂದ. ಔಷಧಿ ಕಂಪನಿಯ ಮಾರಾಟಗಾರನೊಬ್ಬ ತನ್ನ ದಪ್ಪ ಬ್ಯಾಗು ಕೊಟ್ಟು ಕಾಯುತ್ತ ನಿಂತಿದ್ದ.

"ಅಕ್ಕಾ, ಒಂದು ಮಜಾ ಕೇಳು. ನನಗೆ ಹುಚ್ಚಂತೆ!"

"ಅದನ್ನ ಹೇಳೋಕೆ ಇಷ್ಟು ದೂರ ಬಂದ್ಯಾ? ನಿನ್ನ ತೊಟ್ಟಿಲು ತೂಗುವಾಗಲೇ ನನಗೆ ಅನುಮಾನ ಇತ್ತು."

"ಇಲ್ಲಕ್ಕ, ಸರ್ಕಾರದೋರೇ ಹೇಳಿದ್ದಾರೆ, ಮೊಹರು ಒತ್ತಿ." ತಮ್ಮ ನಗುತ್ತಲೇ ಇದ್ದ. "ಬಂದೂಕಿನ ಲೈಸೆನ್ಸಿಗೆ ಹಾಕಿದ್ನಲ್ಲ, ಆಗೋದಿಲ್ಲ ಅಂದ್ರು. ಯಾಕೆ ಸ್ವಾಮಿ ಅಂದ್ರೆ, ಹೊಸ ಕಾನೂನಂತೆ. ಈಗ ಲೈಸೆನ್ಸ್ ಕೇಳಿದವರ ಹೆಸರು ಮಾನಸಿಕ ಆಸ್ಪತ್ರೆಗಳ ಕಂಪ್ಯೂಟರಿಗೂ ಹೋಗುತ್ತಂತೆ. ಹಿಂದೆ ಯಾವತ್ತಾದ್ರೂ ಒಳಗೆ ಮಲಗಿದ್ರೆ ಬಂದೂಕಿಲ್ಲ. ನಾನು ಹತ್ತು ವರ್ಷದ ಹಿಂದೆ ಇದೇ ಊರಿನ ಆಸ್ಪತ್ರೆಯಲ್ಲಿ ಒಂದೂವರೆ ತಿಂಗಳು ಮಲಗಿದ್ದೆನಂತೆ ಕಣಕ್ಕ! ನನಗೇ ಗೊತ್ತಿಲ್ಲ, ನೋಡು!"

ಜಿಪ್ಪಕ್ಕನ ಇಕ್ಕಳ ಜಾರಿತು. ರನ್ನರ್ ಹಾರಿಹೋಗಿ ಮೆಟ್ಟಿಲಿಗೆ ಬಡಿಯಿತು. ಔಷಧಿಯವನು ಒಂದು ಹೆಜ್ಜೆ ಹಿಂದಕ್ಕೆ ಸರಿದು, "ಬ್ಯಾಗು ನಾಳೆ ತಗೊಳ್ತೀನಿ, ಅವಸರ ಇಲ್ಲ," ಎಂದು, ಬಹಳ ಅವಸರದಲ್ಲಿ ಹೊರಟುಹೋದ.

"ಯಾರೋ ಬೇರೆಯವರ ಹೆಸರಿರಬೇಕು," ಅಂದಳು ಜಿಪ್ಪಕ್ಕ.

"ನಾನೂ ಅದೇ ಅಂದೆ. ಗುರುತಿನ ಚೀಟಿಯ ನಂಬರೂ ನಿಮ್ಮದೇ ಅಂದ್ರು. ಇರಲಿ ಬಿಡು, ನಾಳೆ ಹೋಗಿ ಬಾಯಿ ಮಾಡ್ತೀನಿ. ಕೆಲಸವನ್ನ ತಿಂಗಳ ಕೊನೆವರೆಗೆ ಹಿಡಿದಿಡ್ತಾರಂತೆ."

ಆ ಕೆಲಸ ಬ್ಯಾಂಕಿನ ಹಣ ಸಾಗಿಸುವ ವ್ಯಾನಿನ ಕಾವಲು. ಕೊಡಿಸಿದ್ದು ಭಾವನೇ. ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದವನು, ಕೆಲಸ ಹೋಗಿ ಹೆಂಡತಿ ಮಗು ಕಟ್ಟಿಕೊಂಡು ಊರಿಗೆ ಮರಳಿದಾಗ, ಗಾರ್ಡು ನಾಲ್ಕು ಬಾಗಿಲು ಬಡಿದು ಅದನ್ನು ಹೊಂದಿಸಿದ್ದ. ತಮ್ಮ ಹೋದ ಮೇಲೆ ಜಿಪ್ಪಕ್ಕ ರನ್ನರ್ ಹುಡುಕಲು ಬಗ್ಗಿದಳು. ಬಗ್ಗಿದವಳು ಬಹಳ ಹೊತ್ತು ಏಳಲಿಲ್ಲ.

ಹತ್ತು ವರ್ಷದ ಹಿಂದೆ ಗಾರ್ಡಿಗೆ ನಿದ್ದೆ ಬಿಟ್ಟಿತ್ತು. ಬ್ಯಾಂಕಿನಲ್ಲಿ ಏನೂ ಆಗಿರಲಿಲ್ಲ, ಅದೇ ತೊಂದರೆ. ಬಾರದ ಕಳ್ಳರನ್ನು ವರ್ಷಗಟ್ಟಲೆ ಕಾಯುವುದೆಂದರೆ, ಹೂಡಿಟ್ಟ ಬಿಲ್ಲಿನ ಹಾಗೆ ದಿನವಿಡೀ ನಿಲ್ಲುವುದು. ಮೊದಲು ನಿದ್ದೆ ಹೋಯಿತು, ಆಮೇಲೆ ಊಟ, ಆಮೇಲೆ ಮಾತು. ಗಂಡಸರಿಗೆ ಒಂದು ವಯಸ್ಸಿನಲ್ಲಿ ಹೀಗಾಗುತ್ತೆ ಅಂದರು ನೆಂಟರು. ಯಾವ ವಯಸ್ಸು ಅಂತ ಯಾರೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಜಿಪ್ಪಕ್ಕ ಮರೆತ ನೂಲಿನ ಉಂಡೆ ತರಲು ಮನೆಗೆ ಬಂದಳು. ಬ್ಯಾಂಕಿನಲ್ಲಿರಬೇಕಾದ ಗಂಡ ಹಿತ್ತಿಲ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದ. ಬೂಟು ಬಿಚ್ಚಿ ಜೋಡಿಸಿಟ್ಟಿದ್ದ. ಮಡಿಲಲ್ಲಿ ಬಂದೂಕು. ಕಿಟಕಿಯ ಕಟ್ಟೆಯ ಮೇಲೆ ತೋಟಾಗಳು ಸಾಲಾಗಿ ನಿಂತಿದ್ದವು. ಅವನು ಅವುಗಳನ್ನು ನೋಡುತ್ತಿದ್ದ ರೀತಿ ಅವಳಿಗೆ ಒಂದೇ ನೋಟಕ್ಕೆ ಅರ್ಥವಾಯಿತು. ಆದರೂ ಬಾಯಿಯಿಂದ ಬಂದದ್ದು ಮನೆವಾರ್ತೆಯ ಮಾತು: "ಬಂದೂಕು ಒರೆಸ್ತಿದ್ದೀರಾ? ಒಂಚೂರು ಈ ಹಿಟ್ಟಿನ ಡಬ್ಬದ ಮುಚ್ಚಳ ತೆಗೆದುಕೊಡ್ರಿ, ಕಚ್ಚಿಕೊಂಡುಬಿಟ್ಟಿದೆ."

"ಹೂಂ," ಅಂದು ಅವನು ಬಂದೂಕು ಬದಿಗಿಟ್ಟು, ಎದ್ದು, ಮುಚ್ಚಳ ತೆಗೆದ. ಅಷ್ಟರಲ್ಲಿ ತೋಟಾಗಳು ಅವಳ ಜೇಬು ಸೇರಿದ್ದವು. ಅದೇ ಸಂಜೆ ನಿದ್ದೆಯ ಮಾತ್ರೆ ಬರೆಸೋಣ ಬನ್ನಿ ಎಂದು ಮಾನಸಿಕ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಅಲ್ಲಿ ಗುರುತಿನ ಚೀಟಿ ಕೇಳಿದರು. ಗಂಡನ ಹೆಸರು ಬರೆಸಿದರೆ ಲೈಸೆನ್ಸ್ ಹೋದೀತು, ಲೈಸೆನ್ಸ್ ಹೋದರೆ ಕೆಲಸ ಹೋದೀತು, ಬಾಗಿಲಲ್ಲಿ ನಿಲ್ಲುವುದೊಂದು ಬಿಟ್ಟು ಬೇರೆ ಏನೂ ಗೊತ್ತಿಲ್ಲದ ಮನುಷ್ಯ ಎಲ್ಲಿ ಹೋಗಿ ನಿಲ್ಲಬೇಕು? ಅವಳ ಚೀಲದಲ್ಲಿ ತಮ್ಮನ ಚೀಟಿಯಿತ್ತು. ತಮ್ಮ ವಸ್ತು ಕಳೆಯುವುದರಲ್ಲಿ ಎಂಥಾ ಪ್ರವೀಣನೆಂದರೆ, ಒಮ್ಮೆ ಹತ್ತಿದ ಬಸ್ಸನ್ನೇ ಕಳೆದುಕೊಂಡು ಬಂದಿದ್ದ. ಅದಕ್ಕೇ ಅವನ ಕಾಗದಪತ್ರವೆಲ್ಲ ಅಕ್ಕನ ಹತ್ತಿರ. ಚೀಟಿಯ ಫೋಟೋದಲ್ಲಿ ಒಂದು ಮೀಸೆ, ಎರಡು ಕಿವಿ, ಸುತ್ತ ಹೊಗೆ. ಅದು ದೇಶದ ಮುಕ್ಕಾಲು ಪಾಲು ಗಂಡಸರಿಗೆ ಹೊಂದುತ್ತಿತ್ತು. ಕೊಟ್ಟುಬಿಟ್ಟಳು. ಯಾಕೆ ಕರಕೊಂಡು ಬಂದ್ರಿ ಅಂದಾಗ ನಿದ್ದೆ ಇಲ್ಲ ಅಂದಳು, ಬಂದೂಕಿನ ಮಾತೆತ್ತಲಿಲ್ಲ.

"ಅಲ್ಲಿ ನನ್ನ ತಮ್ಮನ ಹೆಸರು ಹಿಡಿದು ಕರೀತಾರೆ, ಹೂಂ ಅನ್ನಿ," ಎಂದು ಗಂಡನಿಗೆ ಹೇಳಿಕೊಟ್ಟಿದ್ದಳು. ಆದರೆ ಮಾತೇ ಸತ್ತಿದ್ದವನು ಸ್ವಂತ ಹೆಸರಿಗೇ ಹೂಂ ಅನ್ನುತ್ತಿರಲಿಲ್ಲ, ಭಾವಮೈದನ ಹೆಸರಿಗೆ ಎಲ್ಲಿಂದ ಅನ್ನಬೇಕು? ಒಂದೂವರೆ ತಿಂಗಳ ನಂತರ ನಿದ್ದೆ ಬಂತು, ಊಟ ಬಂತು, ಗುನುಗು ಬಂತು. ಮನೆಗೆ ಬಂದ. ಬ್ಯಾಂಕಿಗೆ ಕಾಮಾಲೆ ಎಂದು ಹೇಳಿದ್ದರು. ಆ ಮಧ್ಯಾಹ್ನದ ಬಗ್ಗೆ ಇಬ್ಬರೂ ತುಟಿ ಬಿಚ್ಚಲಿಲ್ಲ. ಒರೆಸ್ತಿದ್ದೀರಾ ಅಂದದ್ದು ಅವಳು, ಹೂಂ ಅಂದದ್ದು ಅವನು. ಆ ಎರಡು ಸುಳ್ಳಿನ ಮೇಲೆ ಸಂಸಾರ ಗಟ್ಟಿಯಾಗಿ ನಿಂತಿತ್ತು.

ಈಗ ಆ ಕಾಯಿಲೆ ವಿಳಾಸ ಹುಡುಕಿಕೊಂಡು ಬಂದಿತ್ತು. ತಪ್ಪು ಮನೆಗೆ.

ಸಂಜೆ ಗಾರ್ಡಿಗೆ ಹೇಳಿದಳು. ಅವನು ಒಂದು ಬೂಟು ಬಿಚ್ಚಿ ಇನ್ನೊಂದನ್ನು ಬಿಚ್ಚುವುದು ಮರೆತು ಕೂತ.

"ನನ್ನ ನವೀಕರಣ ಎರಡು ತಿಂಗಳಲ್ಲಿದೆ," ಅಂದ.

"ನಿಮ್ಮ ಹೆಸರಲ್ಲಿ ಏನೂ ಇಲ್ಲ. ನಿಮಗೆ ಸಿಗುತ್ತೆ."

"ಅವನಿಗೆ?"

"ಅವನಿಗೆ... ಡಾಕ್ಟರುಗಳ ಮಂಡಳಿ ಇದೆಯಂತೆ. ಅವರು ನೋಡಿ ಸರಿ ಇದ್ದಾನೆ ಅಂದ್ರೆ ಕೊಡ್ತಾರಂತೆ."

"ಸರಿ ಇದ್ದಾನಲ್ಲ. ನೋಡಿದ್ರೆ ಗೊತ್ತಾಗುತ್ತೆ ಬಿಡು." ಅವನು ಅವಳ ಮುಖ ನೋಡಲಿಲ್ಲ, ಅವಳೂ ಅವನ ಮುಖ ನೋಡಲಿಲ್ಲ. ಹೀಗೆ ಪರಸ್ಪರ ನೋಡದೆ ಇಬ್ಬರೂ ಒಪ್ಪಿಕೊಂಡರು.

ಮರುದಿನ ಬೆಳಿಗ್ಗೆ ಗುನುಗು ಇರಲಿಲ್ಲ. ಜಿಪ್ಪಕ್ಕನಿಗೆ ಹೊಟ್ಟೆನೋವು ಬಂತು. ಅದರ ಮರುದಿನವೂ ಬಂತು. ಮೂರನೆಯ ದಿನ ಅವನು, "ಇವತ್ತು ಹೋಗದಿದ್ರೆ ಮ್ಯಾನೇಜರು ಬಾಯಿಗೆ ಬಂದಂಗೆ ಬೈತಾರೆ ಕಣೇ," ಎಂದು ಬಂದೂಕು ಹೆಗಲಿಗೇರಿಸಿ ಹೊರಟ. ಅವಳು ಅಂಗಡಿ ತೆರೆದಳು. ಬಸ್ಸಿನ ಟೈರು ಸಿಡಿದರೂ ಎದ್ದು ನಿಲ್ಲುವಳು, ಕಬ್ಬಿಣದ ಬಾಗಿಲು ಎಳೆದರೂ ಎದ್ದು ನಿಲ್ಲುವಳು. ಬ್ಯಾಂಕಿನ ಕಡೆಯಿಂದ ಬಂದ ಗಿರಾಕಿಗಳನ್ನೆಲ್ಲ, "ಅಲ್ಲಿ ಎಲ್ಲ ಆರಾಮಾ?" ಎಂದು ಕೇಳುವಳು. "ಯಾಕಕ್ಕ, ಬ್ಯಾಂಕಿಗೇನಾದ್ರೂ ಆಗಿದೆಯಾ?" ಎಂದು ಹೆದರಿ ಇಬ್ಬರು ಓಡಿಹೋಗಿ ತಮ್ಮ ಖಾತೆಯ ದುಡ್ಡೆಲ್ಲ ತೆಗೆದುಕೊಂಡು ಬಂದರಂತೆ.

ತಮ್ಮ ಇನ್ನೊಮ್ಮೆ ಬಂದಾಗ ಮಧ್ಯಾಹ್ನದ ಬಿಸಿಲು ಮೆಟ್ಟಿಲವರೆಗೆ ಬಂದಿತ್ತು. ನಗು ಇರಲಿಲ್ಲ. ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿದ್ದ. ಜಿಪ್ಪಕ್ಕ ಮೊದಲು ನೋಡಿದ್ದು ಅದನ್ನೇ.

"ಹೋಗಿದ್ದೆ," ಅಂದ. "ನನಗೆ ಯಾವ ಕಾಯಿಲೆನೂ ಇರಲಿಲ್ಲ ಅಂದೆ. ಆ ಇನ್‌ಸ್ಪೆಕ್ಟರಮ್ಮ ಏನಂದ್ರು ಗೊತ್ತಾ? ಕಾಯಿಲೆ ಇರಲಿಲ್ಲ ಅನ್ನೋದೂ ಇದರ ಒಂದು ಲಕ್ಷಣವಂತೆ. ಸರಿ ತಾಯಿ, ಇತ್ತು ಅಂದೆ. ಹಾಗಾದ್ರೆ ಗುಣವಾದ ಕಾಗದ ತನ್ನಿ ಅಂದ್ರು. ಆಗದೇ ಇದ್ದ ಕಾಯಿಲೆ ಹೇಗಕ್ಕ ಗುಣ ಆಗುತ್ತೆ? ಮೇಜು ಗುದ್ದಿಬಿಟ್ಟೆ. ಅದನ್ನೂ ಬರಕೊಂಡ್ರು."

"ಮಂಡಳಿಗೆ ಹೋಗೋಕೆ ಹೇಳಲಿಲ್ವಾ?"

"ಗುರುವಾರ ಇದೆ. ಹೋಗೋಕೆ ಭಯ ಆಗ್ತಿದೆ." ಅವನು ಸ್ಟೂಲಿನ ಮೇಲೆ ಕುಸಿದ. "ಇವಳು ಮಗೂನ ಕರಕೊಂಡು ತವರಿಗೆ ಹೋದ್ಲು. ಎರಡು ದಿನ ಇದ್ದು ಬರ್ತೀನಿ ಅಂದ್ಲು. ಹೋಗೋ ಮುಂಚೆ ಅಡುಗೆಮನೆಯ ಚಾಕು ಎಣಿಸಿದ್ಲು ಕಣಕ್ಕ. ಬೆನ್ನು ತಿರುಗಿಸಿಕೊಂಡು ಎಣಿಸಿದ್ಲು, ನಾನು ನೋಡಲಿಲ್ಲ ಅಂದ್ಕೊಂಡು."

ಬೆನ್ನು ತಿರುಗಿಸಿಕೊಂಡು ಕಾಯುವ ಹೆಂಗಸು ಎಂದರೆ ಯಾರೆಂದು ಜಿಪ್ಪಕ್ಕನಿಗೆ ಚೆನ್ನಾಗಿ ಗೊತ್ತಿತ್ತು.

"ಅಕ್ಕಾ, ಆ ವರ್ಷ ಬಂದರಿನಲ್ಲಿ ನನಗೆ ಜ್ವರ ಬಂದಿತ್ತಲ್ಲ. ನೆತ್ತಿಗೇರಿ ವಾರಗಟ್ಟಲೆ ಪ್ರಜ್ಞೆ ಇರಲಿಲ್ಲ ಅಂತಿದ್ರಲ್ಲ. ಅದು ನಿಜವಾಗಿ ಜ್ವರವೇ ಆಗಿತ್ತಾ? ಒಂದೂವರೆ ತಿಂಗಳು, ಅಕ್ಕ. ಲೆಕ್ಕ ಹೊಂದುತ್ತೆ. ನೀನೂ ಭಾವನೂ ನನ್ನನ್ನ ಇಲ್ಲಿಗೆ ತಂದು ಸೇರಿಸಿ, ಆಮೇಲೆ ನನ್ನ ಮನಸ್ಸಿಗೆ ನೋವಾಗಬಾರದು ಅಂತ ಮುಚ್ಚಿಟ್ರಾ? ಬೇಜಾರಿಲ್ಲ, ಹೇಳು. ರಾತ್ರಿಯೆಲ್ಲ ಕೂತು ಯೋಚಿಸ್ತೀನಿ. ಒಂದು ಬಿಳೀ ಗೋಡೆ ನೆನಪಾಗುತ್ತೆ. ಜ್ವರದ ಆಸ್ಪತ್ರೆಯ ಗೋಡೆನಾ, ಆ ಆಸ್ಪತ್ರೆಯ ಗೋಡೆನಾ?"

ಜಿಪ್ಪಕ್ಕ ಎದುರಿಗಿದ್ದ ಕೋಟಿನ ಜಿಪ್ಪನ್ನು ಮೇಲಕ್ಕೆಳೆದಳು. ಹಲ್ಲಿಗೆ ಬೆರಳು ಸಿಕ್ಕಿಕೊಂಡಿತು. ನೋವಾಗಿದ್ದು ಆಮೇಲೆ ತಿಳಿಯಿತು. ಗಂಡನ ಕಾಯಿಲೆಯನ್ನು ಹೆಸರಿನ ಮೂಲಕ ತಮ್ಮನಿಗೆ ದಾಟಿಸಿದ್ದಳು. ಈಗ ಹೆಸರಿನಿಂದ ಇಳಿದು ಅದು ಅವನ ಕಣ್ಣಿನ ಕೆಳಗೆ ಬಂದು ಕೂತಿತ್ತು. ಈ ಕಪ್ಪು, ಈ ತಪ್ಪಿದ ಗುಂಡಿ, ಈ ಒಣ ತುಟಿ, ಎಲ್ಲವನ್ನೂ ಅವಳು ಹಿಂದೊಮ್ಮೆ ನೋಡಿದ್ದಳು.

"ಅದು ನೀನಲ್ಲ ಕಣೋ," ಅಂದಳು. "ನಿನ್ನ ಚೀಟಿ. ಮಲಗಿದ್ದು ನಿನ್ನ ಭಾವ."

ತಮ್ಮ ನಗತೊಡಗಿದ. ನಕ್ಕ, ನಕ್ಕ, ಮೇಲಿನ ಮೆಟ್ಟಿಲಿನಲ್ಲಿ ಹೋಗುತ್ತಿದ್ದವರು ಬಗ್ಗಿ ನೋಡುವಷ್ಟು ನಕ್ಕ. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ, ಮುಖ ಒರೆಸಿಕೊಂಡು ಕೂಗಿದ: "ಹತ್ತು ವರ್ಷದಿಂದ ನಾನು ಹುಚ್ಚ, ನನಗೆ ಒಂದು ಮಾತು ಹೇಳೋಕಾಗಲಿಲ್ವಾ ನಿನಗೆ? ಹೆಂಡ್ತಿ ಹೋದ್ಲಲ್ಲೇ! ಅವತ್ತೇ, ನಾನು ನಗ್ತಾ ಬಂದ ದಿನವೇ ಹೇಳಬಹುದಿತ್ತಲ್ಲೇ!"

"ಹೇಳಬಹುದಿತ್ತು."

"ಮತ್ತೆ?"

"ನಿನ್ನ ಭಾವನ ಕೆಲಸ..." ಅಂದವಳು ಅಲ್ಲಿಗೇ ನಿಲ್ಲಿಸಿದಳು. ಅದು ಅರ್ಧ ನಿಜ ಅಂತ ಅವಳಿಗೇ ಗೊತ್ತಿತ್ತು. ಬಾಗಿಲು ಒಮ್ಮೆ ತೆರೆದರೆ ಆ ಮಧ್ಯಾಹ್ನವೂ ಹೊರಗೆ ಬರುತ್ತದೆ ಎಂಬುದು ಉಳಿದರ್ಧ.

ತಮ್ಮ ಎದ್ದು ಹೊರಟವನು ತಿರುಗಿ ನಿಂತ. "ಭಾವನಿಗೆ ಏನಾಗಿತ್ತು?" ಈ ಸಲ ದನಿ ತಗ್ಗಿತ್ತು.

"ನಿದ್ದೆ ಇರಲಿಲ್ಲ," ಅಂದಳು ಜಿಪ್ಪಕ್ಕ.

ಗುರುವಾರ ಮೂವರೂ ಹೋದರು. ಗಾರ್ಡಿಗೆ ಅವಳು ಹೆಚ್ಚೇನೂ ಹೇಳಬೇಕಾಗಿ ಬರಲಿಲ್ಲ. ತಮ್ಮನ ಹೆಂಡತಿ ಚಾಕು ಎಣಿಸಿದ್ದು ಕೇಳಿದ್ದೇ ತಡ, ಅವನು ಸಮವಸ್ತ್ರ ತೊಟ್ಟು, ಬಂದೂಕನ್ನು ಚೀಲಕ್ಕೆ ಹಾಕಿ, "ನಡಿ," ಅಂದಿದ್ದ. ದಾರಿಯಲ್ಲಿ ಒಂದೇ ಮಾತು ಕೇಳಿದ: "ನಿದ್ದೆ ಇರಲಿಲ್ಲ ಅಂತ ತಾನೇ ಹೇಳೋದು?" ಅವಳು ಕೇಳಿಸದವಳಂತೆ ನಡೆದಳು.

ಲೈಸೆನ್ಸ್ ಶಾಖೆಯ ಇನ್‌ಸ್ಪೆಕ್ಟರಮ್ಮನ ಮೇಜಿನ ಮೇಲೆ ಅವರಿಗಿಂತ ಎತ್ತರದ ಕಡತದ ರಾಶಿಯಿತ್ತು. ಮಾತು ಅದರ ಹಿಂದಿನಿಂದ ಬರುತ್ತಿತ್ತು.

"ಅಂದ್ರೆ ಆಸ್ಪತ್ರೆಯಲ್ಲಿದ್ದದ್ದು ಇವರಲ್ಲ, ನೀವು?"

"ಹೌದು ಮೇಡಂ," ಅಂದ ಗಾರ್ಡು.

"ಸಾಕ್ಷಿ?"

"ನಾನೇ ಮೇಡಂ."

"ನೋಡಿ, ಇಲ್ಲಿಗೆ ಬರೋರೆಲ್ಲ ತಲೆ ಸರಿಯಿದೆ ಅಂತ ಸಾಧಿಸೋಕೆ ಬರ್ತಾರೆ. ಸರಿಯಿರಲಿಲ್ಲ ಅಂತ ಜಗಳ ಆಡೋಕೆ ಬಂದವರು ನೀವೇ ಮೊದಲು. ಭಾವಮೈದನಿಗೆ ಕೆಲಸ ಕೊಡಿಸೋಕೆ ಹುಚ್ಚು ಹೊತ್ತುಕೊಳ್ತಿದ್ದೀರಾ? ನಿಮ್ಮ ಹೆಸರಲ್ಲಿ ಚುಕ್ಕೆ ಕೂಡ ಇಲ್ಲ. ಇಷ್ಟು ಸರಿಯಿರೋ ಮನುಷ್ಯರನ್ನ ನಾನು ಈ ವರ್ಷ ನೋಡೇ ಇಲ್ಲ."

ತಮ್ಮ ಮೇಜು ಗುದ್ದಲು ಕೈಯೆತ್ತಿ, ನೆನಪಾಗಿ, ಆ ಕೈಯಿಂದ ತಲೆ ಕೆರೆದುಕೊಂಡ.

ಮಂಡಳಿ ಕೂತದ್ದು ಪಕ್ಕದ ಕೋಣೆಯಲ್ಲಿ. ಮೂವರು ವೈದ್ಯರು, ನಡುವೆ ಆಸ್ಪತ್ರೆಯ ದೊಡ್ಡ ಡಾಕ್ಟರು. ಕಂಪ್ಯೂಟರಿನಲ್ಲಿದ್ದದ್ದು ಹೆಸರು, ನಂಬರು, ಕಾಯಿಲೆ, ಅಷ್ಟೇ. ದೊಡ್ಡ ಡಾಕ್ಟರು ಮೂಲ ಕಡತವನ್ನೇ ತರಿಸಿದ್ದರು. ಅದನ್ನು ತೆರೆದರೆ ಎದ್ದ ಧೂಳಿಗೆ ಮಂಡಳಿಯೆಲ್ಲ ಸೀನಿತು. ಗುರುತಿನ ಚಿಹ್ನೆ ಎಂಬ ಜಾಗದಲ್ಲಿ, ಎಡಗೈ ಕಿರುಬೆರಳ ತುದಿ ಇಲ್ಲ ಎಂದಿತ್ತು. ತಮ್ಮ ಹತ್ತೂ ಬೆರಳು ಅರಳಿಸಿ ತೋರಿಸಿದ. ಗಾರ್ಡು ಎಡಗೈ ಮುಂದಿಟ್ಟ. ಕಿರುಬೆರಳು ಉಗುರಿಗೆ ಮುಂಚೆಯೇ ಮುಗಿದಿತ್ತು.

ದೊಡ್ಡ ಡಾಕ್ಟರು ಪುಟ ತಿರುವಿದರು. "'ಕರೆದರೆ ಓಗೊಡುವುದಿಲ್ಲ. ಆ ಹೆಸರು ತನ್ನದಲ್ಲವೆಂದು ತಲೆಯಾಡಿಸುತ್ತಾನೆ. ಸ್ಥಿತಿ ಗಂಭೀರ.'" ಕನ್ನಡಕ ತೆಗೆದು ಒರೆಸಿದರು. "ಇಡೀ ವಾರ್ಡಿನಲ್ಲಿ ನಿಜ ಹೇಳಿದವರು ಇವರೊಬ್ಬರೇ ಅಂತ ಕಾಣುತ್ತೆ. ಅದನ್ನ ನಾವು ಕಾಯಿಲೆ ಅಂತ ಬರೆದಿದ್ದೀವಿ."

ತಮ್ಮನ ಹೆಸರು ತೆಗೆಯಲು ಅಲ್ಲೇ ಬರೆದರು. ಕಂಪ್ಯೂಟರಿನಿಂದ ಅಳಿಸಲು ಕೆಲವು ವಾರ ಹಿಡಿಯುತ್ತದೆ, ಆದರೆ ಕೆಲಸಕ್ಕೆ ಇವತ್ತೇ ಪತ್ರ ಕೊಡುತ್ತೇವೆ ಅಂದರು. ಸುಳ್ಳು ಗುರುತು ಕೊಟ್ಟದ್ದಕ್ಕೆ ಈ ಅಮ್ಮನಿಗೆ ನೋಟಿಸು ಬರುತ್ತದೆ, ಅದನ್ನು ನಾವು ತಡೆಯೋಕಾಗೋದಿಲ್ಲ ಅಂತಲೂ ಅಂದರು. ಜಿಪ್ಪಕ್ಕ ತಲೆಯಾಡಿಸಿದಳು. ಅವಳು ಹೆದರಿ ಕಾಯುತ್ತಿದ್ದದ್ದು ಅದಕ್ಕಲ್ಲ.

"ಈಗ ನಿಮ್ಮ ವಿಷಯ," ಎಂದು ದೊಡ್ಡ ಡಾಕ್ಟರು ಗಾರ್ಡಿನ ಕಡೆ ತಿರುಗಿದರು. "ಹತ್ತು ವರ್ಷ ಒಂದು ದೂರಿಲ್ಲದೆ ಕೆಲಸ ಮಾಡಿದ್ದೀರಿ. ಕಡತದಲ್ಲಿರೋದು ನಿದ್ದೆ ಇಲ್ಲ, ಊಟ ಇಲ್ಲ, ಮಾತಿಲ್ಲ. ಕ್ರೇನ್ ಚಾಲಕ ಅಂತ ಬರೆದಿರೋದ್ರಿಂದ ಬಂದೂಕಿನ ಪ್ರಶ್ನೆ ಯಾರೂ ಕೇಳಿಲ್ಲ. ಬರೀ ಇಷ್ಟೇ ಆಗಿದ್ರೆ ನಾನು ಇವತ್ತೇ ಸಹಿ ಹಾಕಬಹುದು, ಬಂದೂಕು ನಿಮ್ಮ ಹತ್ತಿರವೇ ಇರಲಿ." ಆಮೇಲೆ ಜಿಪ್ಪಕ್ಕನನ್ನು ನೋಡಿದರು. "ಅಮ್ಮ, ನಿದ್ದೆ ಹೋಗಿ ವಾರಗಟ್ಟಲೆ ಆಗಿತ್ತು ಅಂತಿದೆ. ಅಷ್ಟು ದಿನ ಬಿಟ್ಟು ಅವತ್ತೇ ಯಾಕೆ ಕರಕೊಂಡು ಬಂದ್ರಿ?"

ಫ್ಯಾನು ತಿರುಗುತ್ತಿತ್ತು. ಗಾರ್ಡು ನೆಟ್ಟಗೆ ಕೂತು ಎದುರಿನ ಗೋಡೆ ನೋಡುತ್ತಿದ್ದ, ಬ್ಯಾಂಕಿನ ಬಾಗಿಲಲ್ಲಿ ನಿಂತ ಹಾಗೆ. ನಿದ್ದೆ ಇರಲಿಲ್ಲ ಅಂದರೆ ಮುಗಿಯಿತು, ಎರಡೇ ಪದ. ಸಹಿ ಬೀಳುತ್ತದೆ, ಕೆಲಸ ಉಳಿಯುತ್ತದೆ, ನಾಳೆ ಬೆಳಿಗ್ಗೆ ಅವಳು ಒಲೆಯ ಮುಂದೆ ಬೆನ್ನು ತಿರುಗಿಸಿ ನಿಲ್ಲುತ್ತಾಳೆ. ನಾಡಿದ್ದೂ. ಕಳೆದ ವಾರವಿಡೀ ಗುನುಗು ಇರಲಿಲ್ಲ.

"ಬಂದೂಕು ಮಡಿಲಲ್ಲಿಟ್ಟುಕೊಂಡು ಕೂತಿದ್ರು," ಅಂದಳು. "ಬೂಟು ಬಿಚ್ಚಿಟ್ಟಿದ್ರು. ತೋಟಾ ಕಿಟಕಿ ಮೇಲಿತ್ತು. ಒರೆಸ್ತಿದ್ದೀರಾ ಅಂತ ನಾನೇ ಕೇಳಿದೆ. ಒರೆಸ್ತಿರಲಿಲ್ಲ. ಬಟ್ಟೆ ಇರಲಿಲ್ಲ ಕೈಯಲ್ಲಿ."

ತಮ್ಮ ಭಾವನನ್ನು ನೋಡಿದ. ಗಾರ್ಡಿನ ಮೀಸೆ ಅಲುಗಿತು. ಅವನು ಗೋಡೆಯಿಂದ ಕಣ್ಣು ಕೀಳಲಿಲ್ಲ.

"ಈಗ ಹೇಗಿದ್ದಾರೆ?" ಡಾಕ್ಟರು ಮೆಲ್ಲಗೆ ಕೇಳಿದರು.

"ಒಂದು ವಾರದಿಂದ ನನಗೆ ಹೆದರಿಕೆ ಆಗ್ತಿದೆ."

ಅವರು ಗಾರ್ಡಿನತ್ತ ನೋಡಿದರು. "ನೀವೇನಂತೀರಿ?"

ಗಾರ್ಡು ಮೊದಲ ಸಲ ಗೋಡೆಯಿಂದ ಕಣ್ಣು ಕಿತ್ತ. "ನನಗೂ," ಅಂದ.

ಬಂದೂಕನ್ನು ಪೊಲೀಸರ ಆಯುಧ ಕೋಣೆಗೆ ಒಪ್ಪಿಸಿ ರಸೀದಿ ಪಡೆದರು. ಸೋಮವಾರದಿಂದ ಆಸ್ಪತ್ರೆಗೆ ಬರಬೇಕು, ಒಳಗೆ ಮಲಗುವುದು ಬೇಡ, ಮಾತ್ರೆ ಮತ್ತು ಮಾತು. ವರ್ಷದ ಮೇಲೆ ಮತ್ತೆ ನೋಡುತ್ತೇವೆ, ಸಿಕ್ಕೇ ಸಿಗುತ್ತದೆ ಅಂತ ಮಾತು ಕೊಡೋದಿಲ್ಲ ಅಂದರು ದೊಡ್ಡ ಡಾಕ್ಟರು. ಬ್ಯಾಂಕಿಗೆ ಒಂದು ಪತ್ರ ಬರೆದುಕೊಟ್ಟರು; ಬಂದೂಕಿಲ್ಲದ ಯಾವುದಾದರೂ ಜಾಗದಲ್ಲಿ ನಿಲ್ಲಿಸಿಕೊಳ್ಳಿ ಎಂದು. ಮ್ಯಾನೇಜರು ಅದನ್ನು ಓದಿ ಏನನ್ನುತ್ತಾರೋ ಯಾರಿಗೆ ಗೊತ್ತು.

ತಮ್ಮ ತನ್ನ ಪತ್ರ ಹಿಡಿದು ಹೆಂಡತಿಯ ತವರಿಗೆ ಹೊರಟ. ಅಕ್ಕನ ಹತ್ತಿರ ಮಾತಾಡಲಿಲ್ಲ, ಆ ಸಿಟ್ಟು ಇಳಿಯಲು ಇನ್ನೂ ದಿನ ಬೇಕಿತ್ತು. ಭಾವನ ತೋಳನ್ನು ಮಾತ್ರ ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟ.

ಗಂಡ ಹೆಂಡತಿ ಬಸ್ಸಿಗೆ ಕಾಯುತ್ತ ಕಲ್ಲುಬೆಂಚಿನ ಮೇಲೆ ಕೂತರು. ಬಂದೂಕಿನ ಭಾರವಿಲ್ಲದ ಹೆಗಲು ಅವನಿಗೆ ಹೊಸದು. ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಒಂದು ಬಸ್ಸು ಬಂತು. ಇಬ್ಬರೂ ಏಳಲಿಲ್ಲ.

"ಗೊತ್ತಿತ್ತಾ ನಿನಗೆ?" ಅಂದ. "ಅವತ್ತೇ?"

"ಬಾಗಿಲಿಗೆ ಬರ್ತಿದ್ದ ಹಾಗೇ."

"ಗೊತ್ತಿದ್ದೂ ಇಷ್ಟು ವರ್ಷ ಪಕ್ಕದಲ್ಲೇ ಮಲಗಿದ್ಯಲ್ಲೇ."

"ಮಲಗಿದ್ದು ನೀವು. ನಾನೆಲ್ಲಿ ಮಲಗಿದೆ?"

ಅವನು ನಗಲು ಹೋದ, ಆಗಲಿಲ್ಲ. ಅವಳೂ ಸಹಾಯ ಮಾಡಲಿಲ್ಲ. ನಾಳೆ ಕೆಲಸ ಇರುತ್ತದೋ ಇಲ್ಲವೋ, ನೋಟಿಸಿನಲ್ಲಿ ಏನು ಬರುತ್ತದೋ, ಸೋಮವಾರದ ಮಾತ್ರೆ ಹಿಡಿಸುತ್ತದೋ ಇಲ್ಲವೋ, ಎಲ್ಲವೂ ಬೆಂಚಿನ ಮೇಲೆ ಅವರಿಬ್ಬರ ನಡುವೆ ಜಾಗ ಹಿಡಿದು ಕೂತಿದ್ದವು. ಎರಡನೆಯ ಬಸ್ಸೂ ಬಂದು ಹೋಯಿತು.

"ಅವತ್ತು ನಾನು ಏನು ಯೋಚನೆ ಮಾಡ್ತಿದ್ದೆ ಅಂತ ಹೇಳ್ಲಾ?" ಅಂದ ಗಾರ್ಡು.

ಜಿಪ್ಪಕ್ಕನಿಗೆ ಬೇಡ ಅನ್ನಬೇಕೆನಿಸಿತು. ಅವಳು ಸ್ವಲ್ಪ ಹತ್ತಿರ ಸರಿದು ಕೂತಳು.

"ಹೇಳ್ರಿ," ಅಂದಳು.